ಅಮ್ಮನ ಕಣ್ಣಿಗೆ ಹೂವು ಕೇಳಿದ್ದು

ಒಂದು ಬೆಳಿಗ್ಗೆ ನಮ್ಮಮ್ಮ ಸಿಮೆಂಟ್ ಮೂಟೆಯೊಂದನ್ನು ಬೈಯುತ್ತಿದ್ದಳು. ಆ ಚಳಿಗಾಲದಲ್ಲಿ ನನ್ನ ತಮ್ಮ ಹಿತ್ತಲಲ್ಲಿ ಹೊಸ ಬಚ್ಚಲುಮನೆ ಕಟ್ಟಿಸುತ್ತಿದ್ದ. ಉಳಿದ ಒಂದು ಮೂಟೆಯನ್ನು ನೆನೆಯದಿರಲಿ ಅಂತ ತಂದು ಜಗಲಿಯ ಮೂಲೆಗೆ ಒರಗಿಸಿದ್ದ. ನಾನು ಹೊಸೂರಿನಿಂದ ಮೊದಲನೇ ಬಸ್ಸಿಗೆ ಕೆಲಮಂಗಲಕ್ಕೆ ಬಂದು, ಅಲ್ಲಿಂದ ಆಟೋ ಹಿಡಿದು, ಮಂಜಿನಲ್ಲಿ ನಮ್ಮೂರ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಅಮ್ಮ ಸೊಂಟದ ಮೇಲೆ ಕೈಯಿಟ್ಟು ಆ ಮೂಲೆಗೆ ಎದುರಾಗಿ ನಿಂತಿದ್ದಳು. "ಯಾರ್ಲಾ ಅದು? ಬಂದೋನು ಬಾಯಿಬಿಟ್ಟು ಮಾತಾಡ್ಬಾರ್ದಾ? ಮೂಗನಂಗೆ ಕೂತವ್ನಲ್ಲ!" ನನಗೆ ನಗು ತಡೆಯಲಾಗಲಿಲ್ಲ. ನಗು ಕೇಳಿ ಅಮ್ಮ ನನ್ನ ಕಡೆ ತಿರುಗಿದಳು. "ನೀನ್ಯಾರವ್ವಾ?" ಅಂದಳು. ಅಯ್ಯೋ, ಆಮೇಲೆ ನನಗೆ ನಗು ಬರಲಿಲ್ಲ.

ಆ ದಿನಗಳನ್ನು ನೆನೆದರೆ ಇವತ್ತಿಗೂ ಮಂಜಿನಲ್ಲಿ ನಡೆದ ಹಾಗೇ ಆಗುತ್ತದೆ. ನಮ್ಮ ಕಡೆ ಅವರೆಕಾಯಿ ಕಾಲ ಬಂತೆಂದರೆ ಬೆಳಗಿನ ಮಂಜು ಬೇಗ ಏಳುವುದಿಲ್ಲ. ಗುಲಾಬಿ ಬೆಳೆಯುವ ಪಾಲಿಹೌಸುಗಳು ಹೊಲಗಳ ನಡುವೆ ಬೆಳ್ಳಗೆ ತೇಲುತ್ತವೆ. ಕಂಪನಿ ಬಸ್ಸು ಕಾಣುವುದಕ್ಕೆ ಮೊದಲು ಅದರ ಹಾರನ್ ಕೇಳುತ್ತದೆ. ರಸ್ತೆಯಲ್ಲಿ ಯಾರೋ ತೆಲುಗಿನಲ್ಲಿ ಬೈಯುತ್ತಾರೆ, ಯಾರೋ ತಮಿಳಿನಲ್ಲಿ ನಗುತ್ತಾರೆ, ಮುಖಗಳು ಕಾಣುವುದಿಲ್ಲ. ಬಿಸಿಲು ಏರಿದ ಮೇಲೆ ನಮಗೆಲ್ಲ ಮಂಜು ಹರಿಯುತ್ತಿತ್ತು. ಅಮ್ಮನಿಗೆ ಮಾತ್ರ ನಡುಮಧ್ಯಾಹ್ನವೂ ಹಾಗೇ. "ಎಲ್ಲಾ ಮಜ್ಜಿಗೆ ಚೆಲ್ದಂಗೆ ಕಾಣ್ತದೆ ಕಣೆ," ಅನ್ನುತ್ತಿದ್ದಳು. ದೂರು ಹೇಳುವ ದನಿಯೂ ಅಲ್ಲ ಅದು. "ದೀಪ ಹಚ್ಚಿದ್ರೆ ದೀಪದ ಸುತ್ತ ಬಣ್ಣಬಣ್ಣದ ಬಳೆ ಇಟ್ಟಂಗೆ ಅದೆ. ಚೆಂದಾಗೇ ಅದೆ ಬುಡು."

ಹೊಸೂರಿನ ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಚೆಂದ ಅನ್ನಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಒಂದರದ್ದು ಪೂರ್ತಿ ಬಲಿತುಬಿಟ್ಟಿದೆ, ಈಗ ತೆಗೆಸಿದರೆ ದೃಷ್ಟಿ ಬರುತ್ತದೆ, ಇನ್ನೂ ಬಿಟ್ಟುಕೊಂಡು ಕೂತರೆ ಕಣ್ಣಿನೊಳಗೆ ಒತ್ತಡ ಏರಿ ನರ ಕೆಡುತ್ತದೆ, ಆಮೇಲೆ ಯಾರು ಏನು ಮಾಡಿದರೂ ಬರುವುದಿಲ್ಲ ಅಂದರು. ಇಷ್ಟನ್ನೂ ತಮಿಳಿನಲ್ಲಿ ಹೇಳಿ, ಅಮ್ಮನಿಗೋಸ್ಕರ ಹರುಕುಮುರುಕು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು. ಅಮ್ಮ ಎರಡು ಭಾಷೆಯಲ್ಲೂ ತಲೆಯಾಡಿಸಿದಳು. ಹೊರಗೆ ಬಂದು ಚಪ್ಪಲಿ ಹುಡುಕುತ್ತಾ, "ನಾನು ಮಾಡ್ಸ್ಕಳಲ್ಲ," ಅಂದಳು.

ಇಲ್ಲಿ ನನ್ನ ಕೆಲಸದ ವಿಷಯ ಹೇಳಬೇಕು, ಯಾಕೆಂದರೆ ನನಗಿದ್ದ ಕೊಬ್ಬೆಲ್ಲ ಅದರಿಂದ ಬಂದದ್ದು. ಹೊಸೂರಿನ ಹೊರಗಿನ ಒಂದು ಕಾಲೇಜಿನಲ್ಲಿ ನಾನು ಮಕ್ಕಳಿಗೆ ವಾದ ಮಾಡುವುದನ್ನು ಕಲಿಸುತ್ತೇನೆ. ಕಂಪನಿಗಳು ಕೆಲಸಕ್ಕೆ ಆರಿಸುವಾಗ ಹತ್ತು ಜನರನ್ನು ಸುತ್ತ ಕೂರಿಸಿ ಮಾತಾಡಿ ಅನ್ನುತ್ತಾರಲ್ಲ, ಅದಕ್ಕೆ ತಯಾರು ಮಾಡುವುದು. ಮಾತನ್ನು ಹೇಗೆ ಶುರು ಮಾಡಬೇಕು, ಆಧಾರ ಹೇಗೆ ಕೊಡಬೇಕು, ಎದುರಿನವರ ಮಾತಿನಲ್ಲಿ ತೂತು ಎಲ್ಲಿದೆ ಅಂತ ಹೇಗೆ ಹುಡುಕಬೇಕು. ನಮ್ಮ ಹಳೆಯ ತರ್ಕದವರು ಮಾತಿನ ಜಗಳವನ್ನು ಮೂರಾಗಿ ಒಡೆದಿದ್ದಾರೆ. ನಿಜ ಯಾವುದು ಅಂತ ತಿಳಿಯಲು ಆಡುವುದು ವಾದ. ಗೆಲ್ಲಲೇಬೇಕು ಅಂತ ಆಡುವುದು ಜಲ್ಪ. ತನ್ನದೇನನ್ನೂ ಇಡದೆ ಎದುರಿನವರದನ್ನು ಕೆಡವುವುದಕ್ಕೆ ಮಾತ್ರ ಆಡುವುದು ವಿತಂಡ. ನಾನು ಸಂಬಳ ತೆಗೆದುಕೊಳ್ಳುವುದು ವಾದಕ್ಕೆ, ಮನೆಯಲ್ಲಿ ಆಡುವುದು ಜಲ್ಪ. ನಮ್ಮಮ್ಮ ಯಾವ ಶಾಲೆಗೂ ಹೋಗದೆ ವಿತಂಡದಲ್ಲಿ ಪಳಗಿದವಳು.

ಕಾರಣದ ಹಾಗೆ ಕಾಣುತ್ತದೆ, ಆದರೆ ಕಾರಣವಲ್ಲ, ಅಂಥ ಮಾತಿಗೆ ಹೇತ್ವಾಭಾಸ ಅಂತ ಹೆಸರು. ಪಾಠ ಮಾಡುವಾಗ ನನಗೆ ಆ ಪದ ಬಲು ಇಷ್ಟ. ಮಂಜಿನಲ್ಲಿ ಮೂಟೆ ಮನುಷ್ಯನ ಹಾಗೆ ಕಾಣುತ್ತದಲ್ಲ, ಮಾತಿನಲ್ಲೂ ಹಾಗೇ ಎಷ್ಟೋ ಸಂಗತಿ ಕಾರಣದ ವೇಷ ಹಾಕಿಕೊಂಡು ಕೂತಿರುತ್ತದೆ. ಹತ್ತಿರ ಹೋಗಿ ಮುಟ್ಟಿ ನೋಡಬೇಕು ಅಂತ ಮಕ್ಕಳಿಗೆ ಹೇಳುತ್ತೇನೆ.

ಆಸ್ಪತ್ರೆಗೆ ಹೋಗಿಬಂದ ಶನಿವಾರ, ಅದರ ಮುಂದಿನ ಭಾನುವಾರ, ಆಮೇಲೆ ರಜೆ ಸಿಕ್ಕಿದಾಗಲೆಲ್ಲ, ಅಮ್ಮನೂ ನಾನೂ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಇದೇ ಮಾತು ಆಡಿದೆವು. ಅವಳ ಬೆರಳು ಕಣ್ಣಿಲ್ಲದೆಯೂ ಹುಳುಕು ಕಾಯಿಯನ್ನು ಹುಡುಕಿ ಆಚೆ ಎಸೆಯುತ್ತಿತ್ತು. ಬಿಸಿಲು ಮೆಲ್ಲಗೆ ಕಾಲ ಮೇಲೆ ಏರುತ್ತಿತ್ತು. ಅವರೆಯ ಸೊಗಡಿನ ವಾಸನೆಗೆ ನನಗೆ ತೂಕಡಿಕೆ ಬರುತ್ತಿತ್ತು. ಅರೆನಿದ್ದೆಯಲ್ಲೇ ಜಗಳ ಆಡುತ್ತಿದ್ದೆ.

"ಆಚೆಮನೆ ಅಜ್ಜಿ ಮಾಡ್ಸ್ಕಂಡ್ಳಲ್ಲ, ಏನಾಯ್ತು? ಅದೇ ತಿಂಗ್ಳು ಹೋಗ್ಬುಟ್ಳು," ಅಂದಳು ಅಮ್ಮ.

"ಅವ್ರು ಎದೆನೋವು ಬಂದು ಹೋಗಿದ್ದಮ್ಮ. ಕಣ್ಣಿಗೂ ಎದೆಗೂ ಏನು ಸಂಬಂಧ?"

"ಸಂಬಂಧ ಇಲ್ದಿದ್ರೆ ಅದೇ ತಿಂಗ್ಳು ಯಾಕೋದ್ಳು?"

ನಾನು ಕಾಕತಾಳೀಯ ಅಂದರೇನು ಅಂತ ಬಿಡಿಸಿ ಹೇಳಿದೆ. ಕಾಗೆ ಬಂದು ಕೂತಿತು, ಅದೇ ಹೊತ್ತಿಗೆ ತಾಳೆಹಣ್ಣು ಬಿತ್ತು. ಕಾಗೆ ಕೂತದ್ದರಿಂದಲೇ ಬಿತ್ತು ಅನ್ನುವುದಕ್ಕಾಗುವುದಿಲ್ಲ, ಒಂದಾದ ಮೇಲೆ ಒಂದು ಆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ. ಅಮ್ಮ ಗಮನವಿಟ್ಟು ಕೇಳಿದಳು. "ಕಾಗೆ ಕೂತಿಲ್ದಿದ್ರೂ ಬೀಳ್ತಿತ್ತು ಅಂತ ನೀನು ನೋಡಿದ್ದಾ?" ಅಂದಳು. ಹಾಳಾದ್ದು, ಆ ಪ್ರಶ್ನೆಗೆ ದೊಡ್ಡದೊಡ್ಡ ಪುಸ್ತಕಗಳೇ ಒದ್ದಾಡುತ್ತವೆ. ನಾನು ಇನ್ನೊಂದು ಹಿಡಿ ಕಾಯಿ ಎಳೆದುಕೊಂಡೆ.

ಆಮೇಲೆ ಅವಳು, ತರಗತಿಯಲ್ಲಿ ನಾವು ಜಾರುವ ಇಳಿಜಾರು ಅನ್ನುವ ವಾದಕ್ಕೆ ಬಂದಳು. "ಇವತ್ತು ಕಣ್ಣು ಅಂತೀರ, ನಾಳೆ ಮಂಡಿ ಅಂತೀರ, ನಾಳಿದ್ದು ಎದೆ ಕುಯ್ಸ್ತೀರ. ಒಂದ್ಸಲ ಹೂಂ ಅಂದ್ರೆ ಮುಗೀತು." ಅದೂ ಸಾಗದಿದ್ದಾಗ ನನ್ನ ಮೇಲೇ ಬಿದ್ದಳು. "ಕನ್ನಡಕ ಹಣೆ ಮ್ಯಾಲಿಟ್ಕಂಡು ಮನೆಯೆಲ್ಲಾ ಹುಡುಕ್ತೀಯ, ಮೊದ್ಲು ನಿನ್ ಕಣ್ಣು ನೋಡ್ಕೋ ಹೋಗು." ಮಾತನ್ನು ಬಿಟ್ಟು ಮಾತಾಡಿದವರನ್ನು ಹೊಡೆಯುವುದು ಅಂತ ನಾನು ತರಗತಿಯಲ್ಲಿ ಹೇಳುವುದು ಇದನ್ನೇ. ಕೊನೆಗೆ, "ಕುರುಡಿ ಅಮ್ಮನ್ನ ಇಟ್ಕಳಕ್ಕೆ ನಿಮ್ಗೆ ನಾಚ್ಕೆ, ಅದ್ಕೇ ಇಬ್ರೂ ಸೇರ್ಕಂಡು ಕುಯ್ಸಕ್ಕೆ ಹೊಂಟಿದ್ದೀರ," ಅಂದುಬಿಟ್ಟಳು. ಹಾಗಂತ ನಾವು ಕನಸಿನಲ್ಲೂ ಅಂದಿರಲಿಲ್ಲ. ನಾವು ಆಡದ ಮಾತನ್ನು ಬೆರ್ಚಪ್ಪನ ಹಾಗೆ ಹೊಲದಲ್ಲಿ ನಿಲ್ಲಿಸಿ, ಅದಕ್ಕೆ ಚೆನ್ನಾಗಿ ಬಡಿದಳು.

ಇದೆಲ್ಲ ಕನ್ನಡದಲ್ಲಿ. ಸೋಲುವ ಹಾಗೆ ಕಂಡರೆ ಅಮ್ಮ ಭಾಷೆ ಬದಲಾಯಿಸುತ್ತಿದ್ದಳು. ಅವಳ ತವರು ಬಾಗಲೂರಿನ ಆಚೆ, ಅಲ್ಲಿ ಮನೆಯೊಳಗೆ ಆಡುವುದು ತೆಲುಗು. ಮೊಂಡುತನಕ್ಕೆ ಅವಳಿಗೆ ಆ ಭಾಷೆಯೇ ಸರಿ. "ವದ್ದಂಟೇ ವದ್ದು," ಬೇಡ ಅಂದರೆ ಬೇಡ, ಅಂತ ಮೊರ ಕೊಡವಿ ಏಳುತ್ತಿದ್ದಳು. ನಾನು ಹಿಂದೆಯೇ ಹೋಗಿ ಮತ್ತೆ ಶುರು ಮಾಡಿದರೆ ತಮಿಳಿಗೆ ದಾಟುತ್ತಿದ್ದಳು. ನಮ್ಮ ಗಡಿಸೀಮೆಯಲ್ಲಿ ಸರ್ಕಾರಿ ಆಫೀಸಿನ ಮಾತು ಅಂದರೆ ತಮಿಳು, ಕಿಟಕಿಯ ಒಳಗಿನವರು ಇಲ್ಲ ಅಂದರೆ ಇಲ್ಲ. "ಮುಡಿಂಜು ಪೋಚ್ಚು," ಮುಗಿದುಹೋಯಿತು, ಅನ್ನುತ್ತಿದ್ದಳು. ಆಮೇಲೆ ಮಾತಿಲ್ಲ. ಈ ಊರಿನಲ್ಲಿ ಹುಟ್ಟಿ ಬೆಳೆದವರು ಯಾರೂ ಒಂದೇ ಭಾಷೆಯಲ್ಲಿ ಸೋಲುವುದಿಲ್ಲ, ಮೂರರಲ್ಲೂ ಸೋಲಿಸಬೇಕು.

ನಾನೇನು ಕಡಿಮೆ ಇದ್ದೆನಾ? ಮಕ್ಕಳಿಗೆ ಯಾವುದನ್ನೆಲ್ಲ ಮಾಡಬೇಡಿ ಅಂತ ಹೇಳಿಕೊಡುತ್ತೇನೋ ಅದನ್ನೆಲ್ಲ ಮಾಡಿದೆ. ಆಪರೇಷನ್ ಇಲ್ಲಾ ಕುರುಡು, ನಡುವೆ ಏನೂ ಇಲ್ಲ ಅಂದೆ. ಊರಲ್ಲಿ ಎಲ್ಲರೂ ಮಾಡಿಸಿಕೊಂಡಿದ್ದಾರೆ ಅಂದೆ. ಅಷ್ಟು ಓದಿದ ಡಾಕ್ಟರಮ್ಮನಿಗಿಂತ ನಿನಗೆ ಜಾಸ್ತಿ ಗೊತ್ತಾ ಅಂದೆ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವ ದಿನ ಬರುತ್ತದೆ ಅಂತ ಹೆದರಿಸಿದೆ. ಯಾವುದಕ್ಕೂ ಜಗ್ಗದಿದ್ದಾಗ ಅತ್ತೆ. ಅತ್ತದ್ದು ಉಪಾಯಕ್ಕಲ್ಲ, ಸಂಕಟಕ್ಕೆ. ಅಮ್ಮ ಸೆರಗಿನಿಂದ ನನ್ನ ಮೂಗು ಒರೆಸಿದಳು. ಕೆನ್ನೆ ಹುಡುಕುತ್ತಾ ಮೊದಲು ಕಿವಿ ಸಿಕ್ಕಿತು ಅವಳಿಗೆ.

"ಭಯ ಆಯ್ತದೆ ಕಣೆ," ಅಂದಳು. "ಕಣ್ಣಿಗೆ ಕತ್ರಿ ಹಾಕೋವಾಗ ನಾನು ಎಚ್ರವಾಗೇ ಇರ್ತೀನಂತೆ. ಕಣ್ಣು ಬರ್ದೇ ಹೋದ್ರೆ? ಈಗ ಬೆಳ್ಳಗಾದ್ರೂ ಕಾಣ್ತದೆ. ಕಪ್ಪಾಗ್ಬುಟ್ರೆ?"

ಇಷ್ಟು ದಿನ ಆಡಿದ ಮಾತಿನಲ್ಲಿ ಇದೊಂದೇ ನಿಜವಾದ ಮಾತು. ಕಾಗೆ, ಅಜ್ಜಿ, ಮಂಡಿ, ನಾಚಿಕೆ, ಎಲ್ಲವೂ ಇದರ ಮೇಲೆ ಹೊದಿಸಿದ್ದ ದುಪ್ಪಟಿ. ನಾನು ದುಪ್ಪಟಿಯನ್ನು ದಿನಾ ಒಗೆಯುತ್ತಿದ್ದೆ. ಭಯಕ್ಕೆ ಉತ್ತರ ಹೇಳುವುದು ನನಗೆ ಗೊತ್ತಿರಲಿಲ್ಲ, ಅದನ್ನು ನನಗೆ ಯಾರೂ ಕಲಿಸಿರಲಿಲ್ಲ. ಕೊನೆಗೆ ಅಮ್ಮನೇ, "ಬಂಡೆ ಮ್ಯಾಲಿನ ಸ್ವಾಮೀನ ಹೂವು ಕೇಳಾನ. ಕೊಟ್ರೆ ಹೋಗಾನ," ಅಂದಳು.

ನಮ್ಮೂರ ಹಿಂದೆ ಒಂದು ದೊಡ್ಡ ಬಂಡೆ. ಅದರ ನೆತ್ತಿಯಲ್ಲಿ ಆಂಜನೇಯನ ಗುಡಿ. ಬಾವಿ ತೋಡುವುದಿರಲಿ, ಹೆಣ್ಣು ಕೊಡುವುದಿರಲಿ, ನಮ್ಮವರು ಅಲ್ಲಿಗೆ ಹೋಗಿ ಹೂವು ಕೇಳುತ್ತಾರೆ. ಕಲ್ಲಿನಲ್ಲಿ ಕಡೆದ ಸ್ವಾಮಿಯ ಎರಡು ಭುಜಕ್ಕೂ ನೀರಿನಲ್ಲಿ ಅದ್ದಿದ ಸೇವಂತಿಗೆಯ ಎಸಳು ಅಂಟಿಸುತ್ತಾರೆ. ಕೇಳುವವರು ಮನಸ್ಸಿನಲ್ಲಿ ಕೇಳಿಕೊಂಡು ಕಾಯಬೇಕು. ಸ್ವಾಮಿಯ ಬಲಭುಜದ್ದು ಮೊದಲು ಬಿದ್ದರೆ ಆಗಲಿ ಅಂತ. ಎಡಭುಜದ್ದು ಬಿದ್ದರೆ ಬೇಡ ಅಂತ. ನಮ್ಮ ಬಂಡೆಯ ಗುಡಿಯಲ್ಲಿ ಇನ್ನೊಂದು ಪದ್ಧತಿ ಇದೆ. ಎಸಳು ಅಂಟಿಸಿದ ಮೇಲೆ ಪೂಜಾರಿ ಬಾಗಿಲ ಕಡೆ ಮುಖ ಮಾಡಿ ನಿಲ್ಲಬೇಕು, ಸ್ವಾಮಿಗೆ ಬೆನ್ನು. ಅವನು ಊದಿದ, ಅವನ ಶಲ್ಯ ತಾಗಿತು ಅನ್ನುವ ಮಾತು ಬರಬಾರದು. ಬಿದ್ದದ್ದನ್ನು ಕೇಳುವವರೇ ನೋಡಿ, ಬಾಯಿಬಿಟ್ಟು ಹೇಳಬೇಕು. ಅವರು ಹೇಳಿದ್ದೇ ಲೆಕ್ಕ.

ನಾನು ಎರಡು ಸಲ ಯೋಚಿಸದೆ ಹೂಂ ಅಂದೆ. ಅಮ್ಮನ ಮೂರು ಭಾಷೆಗಿಂತ ಒಂದು ಕಲ್ಲಿನ ಮೌನವೇ ವಾಸಿ ಅನ್ನಿಸಿತ್ತು. ಬೀಳುವುದು ಬಲವೋ ಎಡವೋ, ಅರ್ಧಕ್ಕರ್ಧ ಆಸೆಯಾದರೂ ಇತ್ತು. ಅವಳ ಹತ್ತಿರ ಅದೂ ಇರಲಿಲ್ಲ.

ಮೊದಲನೇ ಶನಿವಾರ ತಮ್ಮನೂ ಬಂದ. ಅವನು ಹೊಸೂರಿನ ಒಂದು ಕಂಪನಿಯಲ್ಲಿ ಶಿಫ್ಟಿನ ಕೆಲಸ ಮಾಡುವವನು, ಅವತ್ತು ಅವನಿಗೆ ರಜೆ. ಅಮ್ಮನನ್ನು ನಡುವೆ ಇಟ್ಟುಕೊಂಡು ಬಂಡೆಗೆ ಕೊರೆದ ಮೆಟ್ಟಿಲು ಹತ್ತಿದೆವು. ಮೇಲೆ ಹೋದರೆ ಕೆಳಗಿನ ಊರೇ ಇಲ್ಲ. ಮಂಜು ಕೆರೆಯ ಹಾಗೆ ತುಂಬಿಕೊಂಡು, ದೂರದ ಗುಡ್ಡಗಳ ತಲೆ ಮಾತ್ರ ಕಾಣುತ್ತಿತ್ತು. ಎಲ್ಲಿಂದಲೋ ನಾಯಿ ಬೊಗಳಿದ್ದು, ಯಾರದೋ ಮನೆಯ ರೇಡಿಯೋ, ಟ್ರ್ಯಾಕ್ಟರ್ ಸದ್ದು, ಎಲ್ಲಾ ನೀರಿನ ಅಡಿಯಿಂದ ಬಂದ ಹಾಗೆ ಬರುತ್ತಿತ್ತು. "ನಿಮ್ಗೂ ನನ್ನಂಗೇ ಕಾಣ್ತದಾ ಈಗ?" ಅಂತ ಅಮ್ಮ ಕೇಳಿದಳು. ಹೌದಮ್ಮ ಅಂದೆವು. ಅವಳಿಗೆ ಅದರಿಂದ ಖುಷಿಯಾಯಿತು.

ಪೂಜಾರಪ್ಪ ಎಸಳು ಅಂಟಿಸಿ ಬಾಗಿಲ ಕಡೆ ತಿರುಗಿ ನಿಂತ. ನಾವು ಕಾದೆವು. ಕರ್ಪೂರದ ಹೊಗೆ, ತುಳಸಿ, ಒದ್ದೆ ಕಲ್ಲಿನ ತಂಪು. ಎಸಳನ್ನು ಬಹಳ ಹೊತ್ತು ನೋಡಿದರೆ ಅದು ಅಲ್ಲಾಡಿದ ಹಾಗೆ ಕಾಣುತ್ತದೆ, ಕಣ್ಣು ಮಿಟುಕಿಸಿದರೆ ಅಲ್ಲೇ ಇರುತ್ತದೆ. ಒಂದು ಹಂತದಲ್ಲಿ ನಾನು ಕಾಯುತ್ತಿದ್ದೇನೆ ಅನ್ನುವುದೇ ಮರೆತುಹೋಯಿತು. ಹೊರಗೆ ಬಿಸಿಲು ಬಂತು, ಬೇರೆ ಜನ ಬಂದರು, ಮಂಗಳಾರತಿಯ ಹೊತ್ತಾಯಿತು. ಎರಡು ಭುಜದ ಎಸಳೂ ಹಾಗೇ ಇದ್ದವು. "ಇವತ್ತು ಮಾತಾಡಲಿಲ್ಲ ಸ್ವಾಮಿ, ಇನ್ನೊಂದು ಶನಿವಾರ ಬನ್ನಿ," ಅಂದ ಪೂಜಾರಪ್ಪ. ಅಮ್ಮ ಸಮಾಧಾನವಾಗಿ ಕೈಮುಗಿದು ಇಳಿದಳು.

ಆ ವಾರ ಅಮ್ಮನಿಗೆ ತಲೆನೋವು ಶುರುವಾಯಿತು. ಬಲಿತ ಪೊರೆಯ ಕಣ್ಣು ಕೆಂಪಗಾಗಿ ನೀರು ಸುರಿಯಿತು. ಡಾಕ್ಟರಮ್ಮ ಹನಿ ಹಾಕಲು ಔಷಧಿ ಕೊಟ್ಟು, "ಇನ್ನು ಕಾಯಬೇಡಿ, ಈ ಕಣ್ಣು ಹೋದರೆ ನನ್ನನ್ನು ಕೇಳಬೇಡಿ," ಅಂದರು. ಅಮ್ಮ ಹೊರಗೆ ಬೆಂಚಿನ ಮೇಲೆ ಕೂತು, "ಶನಿವಾರ ಆಗ್ಲಿ," ಅಂದಳು.

ತಮ್ಮ ನನ್ನನ್ನು ಆಸ್ಪತ್ರೆಯ ಗೇಟಿನ ಹತ್ತಿರದ ಟೀ ಅಂಗಡಿಗೆ ಕರೆದುಕೊಂಡು ಹೋದ.

"ಅಕ್ಕ, ಬಲಕ್ಕೆ ಬಿತ್ತು ಅನ್ನು. ಮುಗೀತು ಕತೆ."

"ಬೀಳ್ದಿದ್ರೆ?"

"ಬಿದ್ರೂ ಅನ್ನು, ಬೀಳ್ದಿದ್ರೂ ಅನ್ನು. ಅಮ್ಮಂಗೆ ಕಾಣಲ್ಲ. ಪೂಜಾರಪ್ಪ ಆ ಕಡೆ ತಿರುಗಿರ್ತಾನೆ. ನಂಗೆ ಶನಿವಾರ ಶಿಫ್ಟದೆ, ಇಲ್ದಿದ್ರೆ ನಾನೇ ಹೇಳ್ತಿದ್ದೆ. ಒಂದು ಸುಳ್ಳು, ಎಲ್ಡು ಕಣ್ಣು. ಯಾವ್ದು ದೊಡ್ದು ನೀನೇ ಹೇಳು, ನೀನು ಓದ್ದೋಳಲ್ವಾ?"

ಅವನ ಮಾತಿನಲ್ಲಿ ತೂತು ಹುಡುಕಿದೆ. ಸಿಗಲಿಲ್ಲ. ಹೊಸೂರಿನ ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು, ಟೀ ಆರಿಹೋಗಿತ್ತು. ಸುಳ್ಳು ಹೇಳುವವರು ಬೇರೆ ಏನೇನೋ ನೆವ ಹೇಳುತ್ತಾರೆ, ಇವನು ನೇರವಾಗಿ ತಕ್ಕಡಿ ಹಿಡಿದು ತೂಗಿ ತೋರಿಸಿದ್ದ. ಆಗಲಿ ಕಣೋ ಅಂದೆ. ವಾರವೆಲ್ಲ ಪಾಠ ಮಾಡುವಾಗ, ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿದಾಗ, ನಿದ್ದೆಗೆ ಜಾರುವಾಗ, 'ಬಲಕ್ಕೆ ಬಿತ್ತಮ್ಮ' ಅನ್ನುವುದನ್ನು ಬಾಯಲ್ಲಿ ಹೊರಳಿಸಿಕೊಂಡಿದ್ದೆ. ದನಿಯಲ್ಲಿ ಸ್ವಲ್ಪ ಆಶ್ಚರ್ಯ ಇರಬೇಕು, ಜಾಸ್ತಿ ಇರಬಾರದು. ನನ್ನ ಕೆಲಸವೇ ಅದಲ್ಲವೇ, ಕೇಳುವವರು ನಂಬುವ ಹಾಗೆ ಮಾತಾಡುವುದು.

ಎರಡನೇ ಶನಿವಾರ ನಾವಿಬ್ಬರೇ ಹೋದೆವು. ಮಂಜು ಇನ್ನೂ ದಟ್ಟವಾಗಿತ್ತು. ಅಮ್ಮ ನನ್ನ ಮುಂಗೈ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು, ನಡುನಡುವೆ ನಿಂತು ಕೆಂಪು ಕಣ್ಣನ್ನು ಸೆರಗಿನಿಂದ ಒತ್ತಿಕೊಂಡಳು. ನೋಯುತ್ತದಾ ಅಂದರೆ ಇಲ್ಲ ಅಂದಳು. ಗುಡಿಯ ಹೊಸ್ತಿಲ ಹತ್ತಿರ ನಿಂತು, "ನನ್ ಕಣ್ಣು ಇವತ್ತು ನೀನೇ ಕಣೆ. ಸರಿಯಾಗಿ ನೋಡು," ಅಂದಳು. ಎಷ್ಟು ಸಾದಾ ಮಾತು. ಸಂತೆಯಲ್ಲಿ ಚೀಲ ನೋಡ್ಕೋ ಅನ್ನುವ ಹಾಗೆ ಅಂದಳು.

ಪೂಜಾರಪ್ಪ ಎಸಳು ಅಂಟಿಸಿ ತಿರುಗಿ ನಿಂತ. ಅಮ್ಮ ಕೈಮುಗಿದು ಕಣ್ಣು ಮುಚ್ಚಿದಳು. ನಾನು ನೋಡುತ್ತಾ ನಿಂತೆ. ದೀಪದ ಎಣ್ಣೆಯ ಜಿಡ್ಡಿನಿಂದ ಸ್ವಾಮಿಯ ಎದೆ ಹೊಳೆಯುತ್ತಿತ್ತು. ಚಳಿಗೆ ಕಲ್ಲು ಬೆವರಿದ ಹಾಗೆ ಹನಿ ಮೂಡಿತ್ತು. ಬೀಳುವುದು ನೀರಿನ ತೂಕದಿಂದ, ಕಲ್ಲಿನ ತಂಪಿನಿಂದ, ಬಾಗಿಲ ಗಾಳಿಯಿಂದ, ಅಂತ ನನ್ನ ತಲೆ ತನ್ನ ಪಾಡಿಗೆ ಪಾಠ ಹೇಳುತ್ತಿತ್ತು. ಬಲಕ್ಕೆ ಬೀಳಲಿ, ಬಲಕ್ಕೆ ಬೀಳಲಿ ಅಂತ ಎದೆ ಬೇಡಿಕೊಳ್ಳುತ್ತಿತ್ತು. ಬಿದ್ದುಬಿಟ್ಟರೆ ಸುಳ್ಳು ಹೇಳುವ ಕಷ್ಟವೂ ತಪ್ಪುತ್ತದಲ್ಲ! ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ಗೊತ್ತಿಲ್ಲ. ಆಮೇಲೆ ಎಡಭುಜದ ಎಸಳು ಒಂದು ಬೆರಳಿನಷ್ಟು ಜಾರಿತು, ನಿಂತಿತು, ಮತ್ತೆ ಜಾರಿ, ಸದ್ದಿಲ್ಲದೆ ಪೀಠದ ಮೇಲೆ ಬಿತ್ತು.

ನಾನು ಉಸಿರೆಳೆದುಕೊಂಡದ್ದು ಅಮ್ಮನಿಗೆ ಕೇಳಿಸಿರಬೇಕು. "ಬಿತ್ತಾ?" ಅಂದಳು.

"ಬಿತ್ತಮ್ಮ."

"ಯಾವ್ ಕಡೆ?"

ಬಲ ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಪೂಜಾರಪ್ಪನ ಬೆನ್ನು ಕಾಣುತ್ತಿತ್ತು. ಅವನ ಆಚೆ ಬರೀ ಬಿಳುಪು. ಇಡೀ ಲೋಕದಲ್ಲಿ ನೋಡಿದವಳು ನಾನೊಬ್ಬಳೇ. ಅಮ್ಮ ಕಣ್ಣು ತೆರೆದು ನನ್ನ ಮುಖ ನೋಡುತ್ತಿದ್ದಳು. ನೋಡುತ್ತಿದ್ದಳು ಅಂದರೆ, ನನ್ನ ಮುಖ ಇದೆ ಅಂದುಕೊಂಡ ಕಡೆಗೆ, ಒಂದು ಗೇಣು ಪಕ್ಕಕ್ಕೆ ತಿರುಗಿದ್ದಳು. ಆ ಖಾಲಿ ಜಾಗಕ್ಕೆ ನಗುತ್ತಿದ್ದಳು, ಪೂರ್ತಿ ನಂಬಿಕೊಂಡು. ನನಗೆ ದೇವರ ಭಯವೇನೂ ಆಗಲಿಲ್ಲ. ಸುಳ್ಳು ಪಾಪ ಅಂತಲೂ ಅನ್ನಿಸಲಿಲ್ಲ. ಆ ನಗುವಿಗೆ ಇಲ್ಲದ್ದನ್ನು ಹೇಳುವುದಕ್ಕೆ ಬಾಯಿ ಬರಲಿಲ್ಲ, ಅಷ್ಟೆ.

"ಎಡಕ್ಕೆ ಬಿತ್ತಮ್ಮ," ಅಂದೆ. ಅಂದವಳೇ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ತಮ್ಮನಿಗೆ ಏನು ಹೇಳಲಿ, ಡಾಕ್ಟರಮ್ಮನಿಗೆ ಏನು ಹೇಳಲಿ, ನನ್ನ ಕೈಯಾರೆ ನನ್ನಮ್ಮನ ಕಣ್ಣು ಕಳೆದೆನಲ್ಲ ಅಂತ ಬಿಕ್ಕಿಬಿಕ್ಕಿ ಅತ್ತೆ. ಪೂಜಾರಪ್ಪ ಗಾಬರಿಯಾಗಿ ತಿರುಗಿದ.

ಕತೆ ಕೇಳುವವರನ್ನು ಕಾಯಿಸುವುದು ನನಗೆ ಬೇಡ, ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ವಾರವೇ ಆಪರೇಷನ್ ಆಯಿತು. ಒಂದು ಕಣ್ಣು ಬಂತು, ಸ್ವಲ್ಪ ದಿನ ಬಿಟ್ಟು ಇನ್ನೊಂದೂ ಬಂತು. ಈಗ ಅಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾಳೆ, ಬಸ್ಸಿನ ಬೋರ್ಡಿನ ನಂಬರು ಹೇಳುತ್ತಾಳೆ. ಏನು ಮಾಡಿ ಒಪ್ಪಿಸಿದೆ ಅಂತ ತಮ್ಮ ಇವತ್ತಿಗೂ ಕೇಳುತ್ತಾನೆ. ಬಲಕ್ಕೆ ಬಿತ್ತು ಅಂದೆ ತಾನೇ ಅಂತ ಕಣ್ಣು ಹೊಡೆಯುತ್ತಾನೆ. ಇಲ್ಲ ಕಣೋ ಅಂದರೆ ನಂಬುವುದಿಲ್ಲ. ಅವನಿಗೆ ನನ್ನಿಂದ ಹೇಳಲಾಗದ್ದು ಇಷ್ಟು.

ಅವತ್ತು ಗುಡಿಯಲ್ಲಿ ಅಮ್ಮ ನನ್ನ ಅಳು ಬಂದ ಕಡೆಗೆ ಬಗ್ಗಿದಳು. ಕೈಯಿಂದ ಗಾಳಿಯಲ್ಲಿ ಹುಡುಕಿ ನನ್ನ ತಲೆ ಮುಟ್ಟಿದಳು. ಆಮೇಲೆ ಅದೇ ಕೈಯಲ್ಲಿ ಬಾಗಿಲವಾಡ ಹಿಡಿದು, ಸ್ವಾಮಿಯ ಮುಂದೆ ನೆಟ್ಟಗೆ ನಿಂತಳು. ನನ್ನ ಜೊತೆ ಜಗಲಿಯಲ್ಲಿ ಆಡುವ ದನಿಯಲ್ಲೇ ಶುರು ಮಾಡಿದಳು.

"ಸ್ವಾಮಿ, ನೀನು ಬ್ಯಾಡ ಅಂದೆ. ಆಯ್ತು. ನೀನಂದಿದ್ದು ನಂಗೆ ಕಾಣ್ಲಿಲ್ಲ, ಇವ್ಳು ಹೇಳಿದ್ಳು. ಇವ್ಳಿಗೆ ಬೇಕಾಗಿದ್ದು ಬಲ. ಅದ್ಕೋಸ್ಕರ ನನ್ ಜೊತೆ ಎಷ್ಟು ಕಿತ್ತಾಡವ್ಳೆ ಅಂತ ನಿಂಗೂ ಗೊತ್ತು. ಆದ್ರೂ ಎಡ ಅಂತಾನೇ ಹೇಳಿದ್ಳು. ತನಗೆ ಆಗ್ದಿರೋದ್ನೂ ಇದ್ದಂಗೇ ಹೇಳಿದೋಳು, ಮಾಡ್ಸ್ಕೋ ಅಮ್ಮ, ಕಣ್ಣು ಬತ್ತದೆ ಅಂತಾನೂ ಹೇಳ್ತಾವ್ಳೆ. ಒಂದೇ ಬಾಯಿ. ನಿನ್ ಮಾತ ಇವ್ಳ ಬಾಯಿಂದ ನಂಬ್ದೋಳು, ಇವ್ಳ ಮಾತ ಹೆಂಗ್ ನಂಬ್ದೆ ಇರ್ಲಿ?"

ಅಮ್ಮ ಬಗ್ಗಿ, ಪೀಠದ ಅಂಚು ತಡವಿ ಹಣೆಗೊತ್ತಿಕೊಂಡಳು.

"ಹೋಗ್ಬತ್ತೀನಿ ಸ್ವಾಮಿ, ಕೋಪ ಮಾಡ್ಕಬ್ಯಾಡ," ಅಂದಳು. "ಹೆಚ್ಚುಕಮ್ಮಿ ಆದ್ರೆ ನನ್ ಮ್ಯಾಲೆ ಹಾಕು. ಇವ್ಳ ಮ್ಯಾಲೆ ಬ್ಯಾಡ."